ಪಾಯ ತೋಡುವ ಮೊದಲು ಪಕ್ಕದ ಬಾವಿ ನೋಡಿ

ಮಂಗಳೂರಿನ ನದಿದಂಡೆಯಲ್ಲಿ ಬಾಗಿಲು ಹಾಕಿದ ಹಂಚಿನ ಕಾರ್ಖಾನೆ, ಹಳೆಯ ಗೋದಾಮುಗಳ ಜಾಗಕ್ಕೆ ಈಗ ಒಳ್ಳೆಯ ಬೆಲೆ. ಅಲ್ಲಿ ಬಹುಮಹಡಿ ಕಟ್ಟಡ ಏಳುವ ಮೊದಲು ನಮ್ಮಂಥ ಮಣ್ಣು ಪರೀಕ್ಷೆಯವರನ್ನು ಕರೆಸುತ್ತಾರೆ. ಈ ನೆಲ ಎಷ್ಟು ಭಾರ ಹೊತ್ತೀತು ಎಂದು ಕೇಳುತ್ತಾರೆ, ವರದಿ ಪಡೆಯುತ್ತಾರೆ. ಆ ಮಣ್ಣಿನಲ್ಲಿ ಏನು ಸೇರಿಕೊಂಡಿದೆ, ಗುಂಡಿ ತೋಡಿದರೆ ಪಕ್ಕದ ಮನೆಯ ಬಾವಿ ಏನಾದೀತು ಎಂದು ನನ್ನನ್ನು ಯಾರೂ ಕೇಳಿದ್ದಿಲ್ಲ. ಈ ಪ್ರಶ್ನೆಯನ್ನೂ ಕಡ್ಡಾಯ ಮಾಡಬೇಕು.

ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುಮಾಡಿದಾಗ ನೇತ್ರಾವತಿಯ ದಂಡೆಯೇ ಅನುಕೂಲದ ಜಾಗವಾಗಿತ್ತು. ಜೇಡಿಮಣ್ಣು ಸಿಗುತ್ತಿದ್ದುದು ನದಿಯ ಆಸುಪಾಸಿನಲ್ಲೇ. ಇಂಥ ದಂಡೆಯಲ್ಲಿ ಬೋರ್ ಇಳಿಸುವಾಗ 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತೇವೆ. ಮೊದಲು ಸಿಗುವುದು ತುಂಬಿಸಿದ ಮಣ್ಣು: ಒಡೆದ ಹಂಚು, ಬೂದಿ, ಇದ್ದಿಲು. ಅದರ ಕೆಳಗೆ ಕಪ್ಪು ಕೆಸರು, ನಡುನಡುವೆ ಮರುವಾಯಿ ಚಿಪ್ಪು. ಇಲ್ಲಿ ಒಂದೆರಡು ಪೆಟ್ಟಿಗೇ ಕೊಳವೆ ಸರಕ್ಕನೆ ಇಳಿಯುತ್ತದೆ. ಇನ್ನೂ ಕೆಳಗೆ ಹೊಯಿಗೆ, ಶೇಡಿಮಣ್ಣು, ಕೊನೆಗೆ ಬಂಡೆ. ಶೇಡಿ ಒಣಗಿದ್ದಾಗ ಗಟ್ಟಿಯಾಗಿ ನಿಲ್ಲುತ್ತದೆ, ನೀರು ಕುಡಿದರೆ ಸತ್ವ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಗುಂಡಿಯ ಬದಿ ಕುಸಿದರೆ ಏನಾಗುತ್ತದೆಂಬುದನ್ನು 2024ರ ಜುಲೈಯಲ್ಲಿ ನಗರದ ಬಲ್ಮಠದಲ್ಲಿ ಕಂಡೆವು. ಕಾರ್ಮಿಕರೊಬ್ಬರು ಮಣ್ಣಿನಡಿ ಸಿಲುಕಿ ಪ್ರಾಣ ಬಿಟ್ಟರು.

ಆ ಕಪ್ಪು ಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಈ ವಾಸನೆ ಅಳಿವೆಯ ಕೆಸರಿಗೆ ಸಹಜ, ಕಾರ್ಖಾನೆಯ ವಿಷವೇ ಆಗಬೇಕೆಂದಿಲ್ಲ. ಆದರೆ ಇಂಥ ಕೆಸರಿನಲ್ಲಿ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ ಇರಬಹುದು. ನೀರಿನಡಿ ಇರುವಷ್ಟು ದಿನ ಅದು ಸುಮ್ಮನಿರುತ್ತದೆ. ಅಗೆದು ಮೇಲೆ ಹಾಕಿ ಗಾಳಿ ತಾಗಿಸಿದರೆ ಗಂಧಕಾಮ್ಲವಾಗುತ್ತದೆ, ಮಣ್ಣಿನಲ್ಲಿದ್ದ ಲೋಹಗಳನ್ನು ಕರಗಿಸಿ ನೀರಿಗೆ ಬಿಡುತ್ತದೆ. ಕೇರಳದ ಕುಟ್ಟನಾಡಿನ ಭತ್ತದ ರೈತರು ಇಂಥ ಹುಳಿ ನೆಲದೊಂದಿಗೆ ತಲೆಮಾರುಗಳಿಂದ ಹೆಣಗುತ್ತಿದ್ದಾರೆ. ನಮ್ಮಲ್ಲಿ ಅಗೆದ ಮಣ್ಣು ಲಾರಿ ಹತ್ತಿ ಇನ್ನೆಲ್ಲೋ ಗದ್ದೆ ತುಂಬಿಸಲು ಹೋಗುತ್ತದೆ. ಯಾರ ಗದ್ದೆಗೆ ಹೋಯಿತೆಂದು ಬರೆದಿಡುವವರಿಲ್ಲ.

ನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ಕರಾವಳಿಯ ನೆಲದಡಿ ಮಳೆಯ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಎತ್ತರದಲ್ಲಿ ಸಿಹಿನೀರು ನಿಂತಿದ್ದರೆ, ಅದರಡಿ ಸುಮಾರು 40 ಮೀಟರ್ ಆಳದವರೆಗೆ ಉಪ್ಪು ದೂರವಿರುತ್ತದೆ ಎಂಬುದು ಭೂಜಲಶಾಸ್ತ್ರದ ಹಳೆಯ ಸೂತ್ರ. ಬೇಸ್‌ಮೆಂಟಿಗಾಗಿ ತಿಂಗಳುಗಟ್ಟಲೆ ಪಂಪ್ ಹಚ್ಚಿ ಆ ಒಂದು ಮೀಟರ್ ಇಳಿಸಿದರೆ ಕೆಳಗಿನ ಉಪ್ಪು ನಿಧಾನವಾಗಿ ಮೇಲೇರುತ್ತದೆ. ಕಟ್ಟಡ ಮುಗಿದು ಪಂಪ್ ನಿಂತರೂ ಬಾವಿ ಬೇಗನೆ ಸಿಹಿಯಾಗುವುದಿಲ್ಲ. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು 2019, 2023ರ ಬೇಸಿಗೆಗಳಲ್ಲಿ ನಗರಕ್ಕೆ ನೀರು ಕಡಿತವಾದಾಗ ಎಷ್ಟೋ ಮನೆಗಳನ್ನು ಕಾಪಾಡಿದ್ದು ಅಂಗಳದ ಬಾವಿ.

ಬಾವಿಯ ಈ ಚಿಂತೆ ಹಂಚಿನ ಕಾರ್ಖಾನೆಯ ಜಾಗಗಳಿಗಷ್ಟೇ ಸೀಮಿತವಲ್ಲ. ಪಣಂಬೂರಿನಲ್ಲಿ ನೆಲ ಅಗೆದು ಕಡಲನ್ನೇ ಒಳಗೆ ಬಿಟ್ಟುಕೊಂಡು ಬಂದರು ಕಟ್ಟಿದೆವು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು, ರಸಗೊಬ್ಬರ, ಅದಿರು, ತೈಲದ ಉದ್ಯಮಗಳು ಸುತ್ತ ಬಂದವು. ದುಡಿಮೆ ಕೊಟ್ಟ ಈ ಬದಲಾವಣೆಯನ್ನು ನಾನು ಹಳಿಯುವುದಿಲ್ಲ. ಆದರೆ ಅರ್ಧ ಶತಮಾನ ಕೈಗಾರಿಕೆ ನಡೆದ ದಂಡೆಯ ಬಾವಿಗಳ ಲೆಕ್ಕ ಜನರ ಕೈಗೆ ಸಿಗಬೇಕು.

ಇದಕ್ಕೆ ಈಗ ಕಾನೂನಿನ ಬಲವೂ ಇದೆ. ಕಲುಷಿತ ಜಾಗಗಳ ನಿರ್ವಹಣೆಗೆಂದೇ ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈಯಲ್ಲಿ ನಿಯಮ ಹೊರಡಿಸಿದೆ. ಅನುಮಾನವಿರುವ ಜಾಗಗಳನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಪಟ್ಟಿ ಮಾಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷೆ ಮಾಡಿಸಬೇಕು. ನದಿದಂಡೆಯ ಹಳೆಯ ಕಾರ್ಖಾನೆ ಜಾಗಗಳನ್ನು ಈ ಪಟ್ಟಿಗಾಗಿ ಮೊದಲು ಪರಿಶೀಲಿಸಲಿ. ಪಾಲಿಕೆ ಕಟ್ಟಡಕ್ಕೆ ಪರವಾನಗಿ ಕೊಡುವ ಮೊದಲು ಸುತ್ತಲಿನ ಬಾವಿಗಳ ನೀರನ್ನು ಮೇ ತಿಂಗಳಲ್ಲೂ ಆಗಸ್ಟ್‌ನಲ್ಲೂ ಅಳೆಸಲಿ. ಉಪ್ಪು, ತೈಲ, ಲೋಹ, ನೈಟ್ರೇಟ್ ಎಷ್ಟಿದೆಯೆಂದು ಕನ್ನಡದಲ್ಲಿ ಬರೆದು ವಾರ್ಡ್ ಕಚೇರಿಯಲ್ಲಿ ತೂಗುಹಾಕಲಿ.

ಖರ್ಚು ಹೆಚ್ಚೆಂಬ ಮಾತು ಬಂದೇ ಬರುತ್ತದೆ. ಬೋರ್ ಹೇಗೂ ಇಳಿಸುತ್ತೇವೆ. ಕೆಲಸ ಮುಗಿದ ಮೇಲೆ ಅದನ್ನು ಮುಚ್ಚುವ ಬದಲು ತೂತಿರುವ ಪಿವಿಸಿ ಕೊಳವೆ ಇಳಿಸಿಬಿಟ್ಟರೆ ವರ್ಷವಿಡೀ ನೀರಿನ ಮಟ್ಟ ಅಳೆಯಬಹುದು, ಬೇಕೆಂದಾಗ ಒಂದು ಬಾಟಲಿ ನೀರು ತೆಗೆದು ಪರೀಕ್ಷಿಸಬಹುದು. ಕೋಟಿಗಟ್ಟಲೆ ಸುರಿದು ಕಟ್ಟುವವರಿಗೆ ಇದು ಹೊರೆಯಲ್ಲ. ಬಾವಿ ಕಳೆದುಕೊಂಡ ಮನೆಯವರು ಮಾತ್ರ ಟ್ಯಾಂಕರಿಗೆ ಪ್ರತಿ ಬೇಸಿಗೆ ದುಡ್ಡು ತೆರಬೇಕಾಗುತ್ತದೆ.