ಕಡ್ಡಿ ಬೇರೆ, ಡಬ್ಬಿ ಬೇರೆ

ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಗೆ ನಾವು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ವಿ. ಜಾಣತನ ಅಂದ್ಕೊಂಡು ನಮ್ಮ ಎಂಎಸ್‌ಐ ಪ್ಯಾಕೇಜಿನ ಒಳಗೇ ಡೇಟಾಬೇಸಿನ ಎಂಎಸ್‌ಐ ತುರುಕಿದ್ವಿ. ಅರ್ಧಕ್ಕೇ 1618 ಎರರ್! ವಿಂಡೋಸ್ ಇನ್‌ಸ್ಟಾಲರ್ ಒಂದು ಸಲಕ್ಕೆ ಒಂದೇ ಇನ್‌ಸ್ಟಾಲ್ ನಡೆಸುತ್ತೆ. ಹೊರಗಿನದು ಮುಗಿಯೋ ಮೊದಲೇ ಒಳಗಿನದು ಶುರುವಾದ್ರೆ ಒಪ್ಪಲ್ಲ. ಹೀಗೆ ಒಳಗಿಡೋಕೆ ಮೊದಲು ಒಂದು ದಾರಿ ಇತ್ತು. ಆದರೆ ಹಾಗೆ ಹಾಕಿದ್ದಕ್ಕೆ ಪ್ಯಾಚ್, ಅಪ್‌ಗ್ರೇಡ್ ಕಷ್ಟ. ಬಳಸಬೇಡಿ ಅಂತ ಮೈಕ್ರೋಸಾಫ್ಟೇ ಹೇಳಿದೆ.

"ಕಡ್ಡಿಕಾಯಿ, ಡಬ್ಬಿಕಾಯಿ ಒಂದೇ ಚೀಲಕ್ಕ ತುಂಬಂಗಿಲ್ಲಪಾ" ಅಂದ್ರು ಅಂಗಡಿ ಕಾಕಾ. ಹಾವೇರಿಗೆ ವಾಪಸ್ ಬಂದು, ವಿಕ್ಸ್ ಟೂಲ್‌ಸೆಟ್‌ನ ಬರ್ನ್ ಬಳಸಿ ಒಂದಾದ ಮೇಲೆ ಒಂದು ಇನ್‌ಸ್ಟಾಲ್ ಆಗೋ ಹಾಗೆ ಮಾಡಿದ್ವಿ. ಕ್ಲಿಕ್ ಒಂದೇ, ಪ್ಯಾಕೇಜ್ ಎರಡು.

ನಾವು ಕಾಲೇಜು ಬಿಟ್ಟು ಹೋಗ್ತೀವಿ. ನಾಳೆ ಅದನ್ನ ಬಿಚ್ಚೋನು ರಾಣೆಬೆನ್ನೂರಿನ ಯಾವುದೋ ಕಂಪ್ಯೂಟರ್ ರಿಪೇರಿ ಹುಡುಗ. ಪ್ಯಾಕೇಜ್ ಕಟ್ಟುವಾಗ ಅವನನ್ನೂ ನೆನೆಯೋಣ.