ಜಿಟಿ-ಆರ್ ಉತ್ಪಾದನೆ ಅಂತ್ಯ: ಆಲ್-ವೀಲ್-ಡ್ರೈವ್ ಕಾರಿನ ದೋಷ ಪತ್ತೆಗೆ ಇನ್ನು ದಾರಿ ಯಾವುದು?

ಜಪಾನಿನ ತೊಚಿಗಿ ಕಾರ್ಖಾನೆಯಿಂದ ನಿಸಾನ್ ಜಿಟಿ-ಆರ್ ಆರ್35 ಮಾದರಿಯ ಕೊನೆಯ ಕಾರು 2025ರ ಆಗಸ್ಟ್‌ನಲ್ಲಿ ಹೊರಬಂತು. 18 ವರ್ಷಗಳಲ್ಲಿ ತಯಾರಾದದ್ದು ಸುಮಾರು 48 ಸಾವಿರ ಕಾರುಗಳು. ಭಾರತಕ್ಕೆ ಇದು 2016ರ ಡಿಸೆಂಬರ್‌ನಲ್ಲಿ 1.99 ಕೋಟಿ ರೂ. ಎಕ್ಸ್-ಶೋರೂಂ ಬೆಲೆಯೊಂದಿಗೆ ಅಧಿಕೃತವಾಗಿ ಕಾಲಿಟ್ಟಿತ್ತು. ಇನ್ನು ಮುಂದೆ ಈ ಕಾರು ಬೇಕೆಂದವರಿಗೆ ಉಳಿದಿರುವುದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ. ಅಲ್ಲಿ ಎಂಜಿನ್‌ಗಿಂತಲೂ ಹೆಚ್ಚು ಎಚ್ಚರ ಬೇಕಿರುವುದು ಡ್ರೈವ್‌ಟ್ರೇನ್ ವಿಷಯದಲ್ಲಿ.

ಕಾರಣ ಅದರ ರಚನೆ. ಎಂಜಿನ್ ಮುಂದೆ ಇದ್ದರೂ ಆರು ವೇಗದ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇರುವುದು ಹಿಂಭಾಗದಲ್ಲಿ. ಎಂಜಿನ್ನಿನ ಶಕ್ತಿ ಒಂದು ಶಾಫ್ಟ್ ಮೂಲಕ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದ ಮುಂಚಕ್ರಗಳಿಗೆ ಬೇಕಾದ ಪಾಲು ಇನ್ನೊಂದು ಶಾಫ್ಟ್‌ನಲ್ಲಿ ಮತ್ತೆ ಮುಂದಕ್ಕೆ ಬರುತ್ತದೆ. ಸಾಮಾನ್ಯ ಓಟದಲ್ಲಿ ಹೆಚ್ಚಿನ ಬಲ ಹಿಂಚಕ್ರಗಳಿಗೇ. ಹಿಂಚಕ್ರ ಜಾರಿದರೆ ಕಂಪ್ಯೂಟರ್ ಒಂದು ಕ್ಲಚ್ ಅನ್ನು ಬಿಗಿಗೊಳಿಸಿ ಅರ್ಧದಷ್ಟು ಬಲವನ್ನು ಮುಂದಕ್ಕೆ ಕಳಿಸಬಲ್ಲದು. ಹೀಗಾಗಿ ಒಂದೇ ಲಕ್ಷಣಕ್ಕೆ ನಾಲ್ಕಾರು ಕಾರಣಗಳು ಇರಬಹುದು. ತಪ್ಪು ಊಹೆಯ ಬೆಲೆ ಇಡೀ ಗೇರ್‌ಬಾಕ್ಸ್ ಬದಲಾವಣೆಯೂ ಆಗಬಹುದು.

ಮೊದಲು ಟೈರ್, ಆಮೇಲೆ ಗೇರ್‌ಬಾಕ್ಸ್

ತಪಾಸಣೆ ಅಗ್ಗದ ಕಡೆಯಿಂದ ಶುರುವಾಗಬೇಕು. ಮುಂದಿನ ಟೈರ್ 255/40, ಹಿಂದಿನದು 285/35, ಎರಡೂ 20 ಇಂಚಿನವು. ಅಗಲ ಬೇರೆಯಾದರೂ ಲೆಕ್ಕ ಹಾಕಿದರೆ ಎರಡರ ವ್ಯಾಸದ ಅಂತರ 5 ಮಿಲಿಮೀಟರ್‌ಗಿಂತ ಕಡಿಮೆ. ಸವೆದ ಎರಡನ್ನು ಮಾತ್ರ ಬದಲಿಸಿ, ಟ್ರೆಡ್‌ನಲ್ಲಿ 5 ಮಿಲಿಮೀಟರ್ ವ್ಯತ್ಯಾಸ ಉಳಿದರೆ ವ್ಯಾಸದಲ್ಲಿ 10 ಮಿಲಿಮೀಟರ್ ಏರುಪೇರಾಗುತ್ತದೆ. ಆಗ ನೇರ ರಸ್ತೆಯಲ್ಲೂ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಚಕ್ರ ಜಾರುತ್ತಿದೆ ಎಂದು ಕಂಪ್ಯೂಟರ್ ತಪ್ಪಾಗಿ ತಿಳಿಯಬಹುದು, ಕ್ಲಚ್ ಅನಗತ್ಯವಾಗಿ ಬಿಸಿಯಾಗಬಹುದು. ದುರ್ಬಲ ಬ್ಯಾಟರಿಯೂ ಹೀಗೆಯೇ ಸಂಬಂಧವಿಲ್ಲದ ಹಲವು ಎಚ್ಚರಿಕೆ ದೀಪಗಳನ್ನು ಒಟ್ಟಿಗೆ ಹೊತ್ತಿಸುತ್ತದೆ.

ಎರಡನೆಯದು ಸದ್ದು. ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಕಾರಿನ ಮುಂಭಾಗದಿಂದ ಗಲಗಲ ಶಬ್ದ ಬಂದರೆ ಗೇರ್‌ಬಾಕ್ಸ್ ಹೋಯಿತೆಂದು ಹೆದರಬೇಕಿಲ್ಲ. ಗೇರ್‌ಬಾಕ್ಸ್ ಇರುವುದು ಹಿಂದೆ. ಈ ಸದ್ದಿನ ಮೂಲ ಸಾಮಾನ್ಯವಾಗಿ ಎಂಜಿನ್ ಹಿಂಬದಿಯ ಬೆಲ್‌ಹೌಸಿಂಗ್‌ನ ಸವೆದ ಬೇರಿಂಗ್. ಆರ್35ರಲ್ಲಿ ಇದು ಬಹಳ ಪರಿಚಿತ ದೋಷ. ಕಾರು ತಣ್ಣಗಿರುವಾಗ ಬಿಗಿ ತಿರುವಿನಲ್ಲಿ ಹಿಂದಿನ ಡಿಫರೆನ್ಷಿಯಲ್ ಸ್ವಲ್ಪ ಸದ್ದು ಮಾಡುವುದು ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಆಯಿಲ್ ಪರೀಕ್ಷಿಸಬೇಕು.

ಮೂರನೆಯದು ಗೇರ್ ಬೀಳದಿರುವುದು. ಡ್ಯುಯಲ್ ಕ್ಲಚ್‌ನಲ್ಲಿ 1, 3, 5ನೇ ಗೇರ್‌ಗಳಿಗೆ ಒಂದು ಕ್ಲಚ್, 2, 4, 6ಕ್ಕೆ ಮತ್ತೊಂದು. ಒಂದು ಗುಂಪಿನ ಗೇರ್‌ಗಳು ಮಾತ್ರ ಕೈಕೊಟ್ಟರೆ ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯುತ್ತದೆ. ಆಗಲೂ ಕ್ಲಚ್ ಪ್ಲೇಟ್ ಸವೆದಿದೆಯೋ, ಸೊಲೆನಾಯ್ಡ್ ಅಥವಾ ಒತ್ತಡದ ಸೆನ್ಸರ್ ಕೆಟ್ಟಿದೆಯೋ ಎಂದು ತಿಳಿಯಲು ಆಯಿಲ್ ಒತ್ತಡದ ಲೈವ್ ಅಂಕಿಅಂಶ ಬೇಕು. ಎರಡರ ಖರ್ಚಿಗೂ ಅಜಗಜಾಂತರ.

ಅಂಕಿಅಂಶ ಯಾರ ಕೈಯಲ್ಲಿ?

ಅಸಲಿ ಸಮಸ್ಯೆ ಇರುವುದು ಇಲ್ಲಿ. ಸಾಮಾನ್ಯ ಗ್ಯಾರೇಜಿನ ಅಗ್ಗದ ಸ್ಕ್ಯಾನರ್ ಎಂಜಿನ್ ಕೋಡ್‌ಗಳನ್ನಷ್ಟೇ ಓದುತ್ತದೆ. ಗೇರ್‌ಬಾಕ್ಸ್ ಮತ್ತು ಆಲ್-ವೀಲ್-ಡ್ರೈವ್ ನಿಯಂತ್ರಕಗಳ ಒಳಹೊಕ್ಕಲು ಕಂಪನಿಯ ಉಪಕರಣ ಅಥವಾ ಅದಕ್ಕೆ ಸಮನಾದ ಸಾಫ್ಟ್‌ವೇರ್ ಬೇಕು. ಇದೇ ಕಾರು ಅಮೆರಿಕದಲ್ಲಿ ಬಿಡುಗಡೆಯಾದ ಆರಂಭದಲ್ಲಿ ಲಾಂಚ್ ಕಂಟ್ರೋಲ್ ಬಳಸಿದವರ ಗೇರ್‌ಬಾಕ್ಸ್ ಕೆಟ್ಟಾಗ ವಾರಂಟಿ ವಿವಾದ ಎದ್ದಿತ್ತು. ನಂತರ ಕಂಪನಿ ಸಾಫ್ಟ್‌ವೇರನ್ನೇ ಬದಲಿಸಿತು. ಅಂದರೆ ದೋಷದ ಒಂದು ಭಾಗ ಲೋಹದಲ್ಲಿದ್ದರೆ, ಇನ್ನೊಂದು ಭಾಗ ಕೋಡ್‌ನಲ್ಲಿರುತ್ತದೆ.

ಭಾರತದಲ್ಲೂ ಈ ಪ್ರಶ್ನೆ ಹೊಸದಲ್ಲ. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂ. ದಂಡ ವಿಧಿಸಿತ್ತು. ನಿಸಾನ್ ಕೂಡ ಆ ಪಟ್ಟಿಯಲ್ಲಿತ್ತು. ದಂಡದ ವಿಷಯ ಬಳಿಕ ಮೇಲ್ಮನವಿಗೆ ಹೋಯಿತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿ ಹಕ್ಕು' ಕುರಿತು ಸಮಿತಿ ರಚಿಸಿದಾಗ ಆಟೊಮೊಬೈಲ್ ಕ್ಷೇತ್ರವನ್ನೂ ಸೇರಿಸಿಕೊಂಡಿತು.

ಕೆಲವೇ ಶ್ರೀಮಂತರ ಕಾರಿನ ಚಿಂತೆ ಇದು ಎನಿಸಬಹುದು. ಆದರೆ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಮತ್ತು ಆಲ್-ವೀಲ್-ಡ್ರೈವ್ ಈಗ ಮಧ್ಯಮ ವರ್ಗದ ಎಸ್‌ಯುವಿಗಳಿಗೂ ಬಂದಿವೆ. ವಾರಂಟಿ ಮುಗಿದ ಮರುದಿನ ಆ ಮಾಲೀಕರೂ ಇದೇ ಸ್ಥಿತಿಯಲ್ಲಿರುತ್ತಾರೆ. ಹಳೆಯ ಕಾರು ಕೊಳ್ಳುವವರು ಟೆಸ್ಟ್ ಡ್ರೈವ್‌ಗಷ್ಟೇ ತೃಪ್ತರಾಗದೆ, ಎಲ್ಲ ನಿಯಂತ್ರಕಗಳ ಸ್ಕ್ಯಾನ್ ವರದಿ, ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ದಾಖಲೆ ಮತ್ತು ನಾಲ್ಕೂ ಟೈರ್‌ಗಳ ಸವೆತದ ಅಳತೆ ಕೇಳಿ ಪಡೆಯುವುದು ಒಳಿತು. ರಸ್ತೆಯಲ್ಲಿ ಕೆಟ್ಟು ನಿಂತರೆ ಎರಡು ಚಕ್ರ ಎತ್ತಿ ಎಳೆಯುವ ಕ್ರೇನ್ ಬೇಡ, ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಇಲ್ಲದಿದ್ದರೆ ಸಣ್ಣ ದೋಷ ಗ್ಯಾರೇಜ್ ತಲುಪುವಷ್ಟರಲ್ಲಿ ದೊಡ್ಡದಾಗಿರುತ್ತದೆ.