ವಯಸ್ಸಿನ ಅಳತೆಗೋಲು ಯಾರ ಕೈಯಲ್ಲಿದೆ?

ರಾಜಕಾರಣಿಗೆ ನಿವೃತ್ತಿಯ ವಯಸ್ಸು ಯಾವುದು? ಹುಬ್ಬಳ್ಳಿಯ ಮತದಾರರು ಈ ಪ್ರಶ್ನೆಗೆ ಒಂದು ವರ್ಷ ತುಂಬುವುದರೊಳಗೆ ಎರಡು ಉತ್ತರಗಳನ್ನು ಕಂಡಿದ್ದಾರೆ. 1994ರಿಂದ ಸತತ ಆರು ಬಾರಿ ಶಾಸಕರಾಗಿದ್ದ, ಮುಖ್ಯಮಂತ್ರಿಯೂ ಆಗಿದ್ದ ಜಗದೀಶ ಶೆಟ್ಟರ್ ಅವರಿಗೆ 2023ರ ಏಪ್ರಿಲ್‌ನಲ್ಲಿ ಬಿಜೆಪಿ ಟಿಕೆಟ್ ನಿರಾಕರಿಸಿತು. ಹೊಸಬರಿಗೆ ಅವಕಾಶ ನೀಡಬೇಕೆಂಬುದು ಅದಕ್ಕೆ ಕೇಳಿಬಂದ ಸಮರ್ಥನೆ. ಆಗ ಅವರ ವಯಸ್ಸು 67. ಅವರು ಕಾಂಗ್ರೆಸ್ ಸೇರಿ ಸೋತರು. 2024ರ ಜನವರಿಯಲ್ಲಿ ಮರಳಿ ಬಂದರು. ಅದೇ ಮಾರ್ಚ್‌ನಲ್ಲಿ ಅದೇ ಪಕ್ಷ ಅವರಿಗೆ ಬೆಳಗಾವಿಯ ಲೋಕಸಭಾ ಟಿಕೆಟ್ ನೀಡಿತು. 67ರಲ್ಲಿ ವಿಧಾನಸಭೆಗೆ ಹಳಬರಾದವರು 68ರಲ್ಲಿ ಲೋಕಸಭೆಗೆ ಯೋಗ್ಯರಾದದ್ದು ಹೇಗೆ?

75 ದಾಟಿದವರಿಗೆ ಅಧಿಕಾರವಿಲ್ಲ ಎಂಬ ಅಲಿಖಿತ ನಿಯಮದ ಗತಿಯೂ ಇಷ್ಟೇ. 2019ರಲ್ಲಿ ಅಡ್ವಾಣಿಯವರಿಗೆ ಗಾಂಧಿನಗರ ತಪ್ಪಿತು. ಅದೇ ವರ್ಷ 76ರ ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು. ಸರಕಾರ ರಚಿಸಲು ಅವರು ಬೇಕಿದ್ದಾಗ ವಯಸ್ಸು ಕಾಣಲಿಲ್ಲ. 2021ರ ಜುಲೈನಲ್ಲಿ ಅವರು ಕಣ್ಣೀರಿಡುತ್ತಾ ರಾಜೀನಾಮೆ ಘೋಷಿಸುವ ಹೊತ್ತಿಗೆ ಎಲ್ಲರ ಬಾಯಲ್ಲೂ ವಯಸ್ಸಿನದೇ ಮಾತು. 2025ರ ಸೆಪ್ಟೆಂಬರ್ 17ರಂದು ಪ್ರಧಾನಿ ಮೋದಿಯವರಿಗೆ 75 ತುಂಬಿತು. ಅವರು ಹುದ್ದೆಯಲ್ಲಿ ಮುಂದುವರಿದರು.

ಧಾರವಾಡದ ಸರಕಾರಿ ಕಚೇರಿಯ ಗುಮಾಸ್ತ 60ಕ್ಕೆ ನಿವೃತ್ತನಾಗುತ್ತಾನೆ. ಅಲ್ಲಿಯ ಹೈಕೋರ್ಟ್ ಪೀಠದ ನ್ಯಾಯಮೂರ್ತಿ 62ಕ್ಕೆ ನಿವೃತ್ತರಾಗುತ್ತಾರೆ. ಆ ದಿನ ಯಾವುದೆಂಬುದು ಸೇವೆಗೆ ಸೇರಿದಂದೇ ಅವರಿಗೆ ತಿಳಿದಿರುತ್ತದೆ. ಮೇಲಧಿಕಾರಿಯ ಮುನಿಸು ಅದನ್ನು ಹಿಂದಕ್ಕೆಳೆಯದು, ಪ್ರೀತಿ ಮುಂದಕ್ಕೆ ತಳ್ಳದು. ನಿಯಮವೆಂದರೆ ಇದು. ಬೇಕಾದವರಿಗೆ ಹಿಗ್ಗುವ, ಬೇಡವಾದವರಿಗೆ ಕುಗ್ಗುವ ವಸ್ತು ನಿಯಮವಲ್ಲ, ಚಾಟಿ.

ಯುವಕರಿಗೆ ಅವಕಾಶ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಿರಿಯರು ತೆರವು ಮಾಡಿದ ಸ್ಥಾನಗಳು ಯಾರ ಪಾಲಾಗುತ್ತಿವೆ? ಯಡಿಯೂರಪ್ಪನವರು ಬಿಟ್ಟ ಶಿಕಾರಿಪುರದಿಂದ 2023ರಲ್ಲಿ ಗೆದ್ದವರು ಅವರ ಪುತ್ರ ವಿಜಯೇಂದ್ರ. ವರ್ಷಗಟ್ಟಲೆ ಬಾವುಟ ಕಟ್ಟಿದ ಸಾಮಾನ್ಯ ಕಾರ್ಯಕರ್ತನ ಮಗನಿಗೆ ಇದರಲ್ಲಿ ಪಾಲೆಷ್ಟು? ಇತರ ಪಕ್ಷಗಳೂ ಇದಕ್ಕೆ ಹೊರತಲ್ಲ. ಅಲ್ಲಿ ವಯಸ್ಸಿನ ನಿಯಮದ ಸೋಗು ಇಲ್ಲ; ಕುಟುಂಬದ ಹಿಡಿತವಂತೂ ಇದ್ದೇ ಇದೆ.

ನಮ್ಮ ಸಂವಿಧಾನ ವಿಧಾನಸಭೆಗೂ ಲೋಕಸಭೆಗೂ 25 ವರ್ಷದ ಕನಿಷ್ಠ ಮಿತಿ ವಿಧಿಸಿದೆ. ಗರಿಷ್ಠ ಮಿತಿ ವಿಧಿಸಿಲ್ಲ. ಆ ತೀರ್ಮಾನವನ್ನು ಅದು ಮತದಾರನಿಗೆ ಬಿಟ್ಟಿದೆ. 2023ರಲ್ಲಿ ದಾವಣಗೆರೆ ದಕ್ಷಿಣದ ಜನರು 91ರ ಶಾಮನೂರು ಶಿವಶಂಕರಪ್ಪನವರನ್ನು ಗೆಲ್ಲಿಸಿದರು. ಅದು ಸರಿಯೋ ತಪ್ಪೋ, ತೀರ್ಪು ನೀಡಿದವರು ಜನರು. ಆ ಹಕ್ಕನ್ನು ದಿಲ್ಲಿಯ ವರಿಷ್ಠರು ಕಸಿದುಕೊಳ್ಳುವುದನ್ನು ಸುಧಾರಣೆಯೆನ್ನಲಾದೀತೇ?

ವಯೋಮಿತಿ ಬೇಕೆನ್ನುವ ಪಕ್ಷ ಅದನ್ನು ತನ್ನ ನಿಯಮಾವಳಿಯಲ್ಲಿ ಬರೆಯಲಿ. ಪ್ರಧಾನಿಯಿಂದ ಪಾಲಿಕೆ ಸದಸ್ಯನವರೆಗೆ ಎಲ್ಲರಿಗೂ ಅನ್ವಯಿಸಲಿ. ಆ ಧೈರ್ಯವಿಲ್ಲದಿದ್ದರೆ ಹಿರಿಯರನ್ನು ವಯಸ್ಸಿನ ಹೆಸರಿನಲ್ಲಿ ಅವಮಾನಿಸುವುದನ್ನೂ, ಯುವಕರನ್ನು ಅವಕಾಶದ ಹೆಸರಿನಲ್ಲಿ ವಂಚಿಸುವುದನ್ನೂ ನಿಲ್ಲಿಸಲಿ.